ಪುಟ್ಟಬಸವಯ್ಯ ಮೇಷ್ಟ್ರ ಒತ್ತಕ್ಷರ

ಪುಟ್ಟಬಸವಯ್ಯನವರು ಬಾಯಿಮಾತಿಗೆ ಸುಲಭವಾಗಿ ಜಗ್ಗುವವರಲ್ಲ. ಆದರೆ ಕಾಗದದ ಮೇಲೆ ಬರೆದು ಕೊಟ್ಟರೆ ಎಂಥದನ್ನಾದರೂ ಮಾಡಿಬಿಡುತ್ತಾರೆ. ಮೂವತ್ತೊಂದು ವರ್ಷ ಸರ್ಕಾರಿ ಸುತ್ತೋಲೆಗಳನ್ನು ಓದಿ ಓದಿ ಬಂದ ಗುಣ ಅದು. ಒಂದು ಸಲ ಶಾಲೆಯ ಗೋಡೆಗಳಿಗೆ ಹಸಿರು ಬಣ್ಣ ಹೊಡೆಸಬೇಕೆಂದು ಸುತ್ತೋಲೆ ಬಂತು. ಮೂರು ಗೋಡೆ ಮುಗಿಯುವಷ್ಟರಲ್ಲಿ ಹಳದಿ ಹೊಡೆಸಬೇಕೆಂದು ಇನ್ನೊಂದು ಬಂತು. ಹಿಂದಿನದನ್ನು ರದ್ದುಪಡಿಸಲಾಗಿದೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಆದ್ದರಿಂದ ನಾಲ್ಕನೆಯ ಗೋಡೆ ಮಾತ್ರ ಹಳದಿಯಾಯಿತು. ಯಾರಾದರೂ ನಕ್ಕರೆ ಎರಡೂ ಸುತ್ತೋಲೆಗಳನ್ನು ತೆಗೆದು ತೋರಿಸುತ್ತಿದ್ದರು.

ಸುತ್ತೂರು ದಾಟಿ ಟಿ. ನರಸೀಪುರದ ಕಡೆ ಹೋಗುವಾಗ ಸಿಗುವ ಬೆಳ್ಳಕ್ಕಿಹುಂಡಿಯಲ್ಲಿ ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ಅವರು ಮುಖ್ಯ ಶಿಕ್ಷಕರು. ನಾನು ಅಮೃತೇಶ್. ನನ್ನ ಪಾಲಿಗೆ ಗಣಿತ, ವಿಜ್ಞಾನ, ಆಟ ಮತ್ತು ಬೀಗದ ಕೈ. ಏಳು ತರಗತಿಗೂ ನಾವಿಬ್ಬರೇ. ನಮ್ಮಿಬ್ಬರ ಮೇಲೂ ಅಧಿಕಾರ ಚಲಾಯಿಸುವವರು ಬಿಸಿಯೂಟದ ಕೆಂಪಾಜಮ್ಮ. ಹಾಜರಿ ಪುಸ್ತಕದಲ್ಲಿ ಮೂವತ್ತನಾಲ್ಕು ಹೆಸರು. ಬರುತ್ತಿದ್ದವರು ಹದಿನೆಂಟೋ ಹತ್ತೊಂಬತ್ತೋ. ಅದರಲ್ಲೂ ಕೆಲವರು ಊಟದ ಹೊತ್ತಿಗೆ ಸರಿಯಾಗಿ ಬಂದು, ಕೈ ತೊಳೆದು, ಮಾಯವಾಗುತ್ತಿದ್ದರು. ಉಳ್ಳವರ ಮಕ್ಕಳನ್ನು ಪ್ರತಿದಿನ ಬೆಳಿಗ್ಗೆ ಒಂದು ಹಳದಿ ವ್ಯಾನು ಬಂದು ನಂಜನಗೂಡಿನ ದಿಕ್ಕಿಗೆ ಹೊತ್ತುಕೊಂಡು ಹೋಗುತ್ತಿತ್ತು. ಪುಟ್ಟಬಸವಯ್ಯನವರು ಗೇಟಿನಲ್ಲಿ ನಿಂತು ಆ ವ್ಯಾನಿನೊಳಗಿನ ತಲೆಗಳನ್ನು ಎಣಿಸುತ್ತಿದ್ದರು. ಎಣಿಸಿ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಅಷ್ಟರಲ್ಲಿ ಅವರ ಚಹಾ ಮಾತ್ರ ಆರಿ ಹೋಗಿರುತ್ತಿತ್ತು.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಟಿ. ನರಸೀಪುರದಲ್ಲಿ ಮುಖ್ಯ ಶಿಕ್ಷಕರಿಗೆಂದು ಒಂದು ತರಬೇತಿ ನಡೆಯಿತು. ಅಲ್ಲಿಗೆ ಮಾತಾಡಲು ಬಂದವರು ಸುಚೇತಾ ಅವರು. ಎಪ್ಪತ್ತನಾಲ್ಕು ವರ್ಷದ ಹೆಂಗಸು. ನದಿಗಳು ಕೂಡುವ ಜಾಗಕ್ಕೆ ಹತ್ತಿರದ ತಮ್ಮ ಮನೆಯ ಪಡಸಾಲೆಯಲ್ಲೇ ಇಪ್ಪತ್ತೆರಡು ವರ್ಷ ಪರೀಕ್ಷೆಯಿಲ್ಲದ, ಬೆತ್ತವಿಲ್ಲದ ಶಾಲೆ ನಡೆಸಿದವರು. ಶಾಲೆಗಳು ಹೇಗೆ ಬದಲಾಗಬೇಕು ಎಂದು ಪತ್ರಿಕೆಗಳಲ್ಲಿ ಬರೆಯುವವರು. ಕಿವಿ ಮಾತ್ರ ಪೂರ್ತಿ ಮಂದ. ಕಿವಿಯ ಯಂತ್ರ ಹಾಕಿಕೊಂಡರೆ ಫ್ಯಾನಿನ ಸದ್ದೊಂದೇ ಕೇಳುತ್ತದೆಂದು ಅದನ್ನು ತೆಗೆದು ಚೀಲದಲ್ಲಿಟ್ಟಿದ್ದರು.

ಅವರು ಅರವತ್ತು ಜನ ಮುಖ್ಯ ಶಿಕ್ಷಕರನ್ನು ನೆಲದ ಮೇಲೆ ಕೂರಿಸಿ, ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮಕ್ಕಳ ಮೇಲಿನ ಪ್ರೀತಿ, ದೇಶಸೇವೆ, ಗುರುವಿನ ಋಣ ಎಂದೆಲ್ಲ ಉತ್ತರ ಬಂದವು. ಪುಟ್ಟಬಸವಯ್ಯನವರ ಸರದಿ ಬಂದಾಗ ಅವರು ಎದ್ದು ನಿಂತು, "ಕಂಡಕ್ಟರ್ ಕೆಲಸಕ್ಕೂ ಅರ್ಜಿ ಹಾಕಿದ್ದೆ ಅಮ್ಮ. ಇದರ ಆರ್ಡರ್ ಮೊದಲು ಬಂತು" ಅಂದರು. ಅಮ್ಮನಿಗೆ ಕೇಳಿಸಲಿಲ್ಲ. ಮೂರು ಸಲ ಹೇಳಿಸಿದರು. ಮೂರನೆಯ ಸಲ ಹೊರಗೆ ನಿಂತಿದ್ದ ಜೀಪಿನ ಡ್ರೈವರಿಗೂ ಕೇಳಿಸಿತು. ಎಲ್ಲರೂ ನಕ್ಕರು. ಸುಚೇತಾ ನಗಲಿಲ್ಲ.

"ಇಷ್ಟು ಜನದಲ್ಲಿ ನೀವೊಬ್ಬರು ನಿಜ ಹೇಳಿದಿರಿ. ನನಗೆ ಕಾಗದ ಬರೀರಿ. ಫೋನ್ ಮಾಡಬೇಡಿ, ಕೇಳಿಸೋದಿಲ್ಲ" ಎಂದು ವಿಳಾಸದ ಚೀಟಿ ಕೊಟ್ಟರು.

ಮೇಷ್ಟ್ರು ಅದನ್ನು ಆದೇಶವೆಂದೇ ತಿಳಿದು ಮಾರನೆಯ ದಿನವೇ ನಾಲ್ಕು ಪುಟ ಬರೆದರು. ಮೇಲ್ಗಡೆ "ವಿಷಯ: ಮಕ್ಕಳು ಶಾಲೆಗೆ ಬಾರದಿರುವ ಬಗ್ಗೆ. ಉಲ್ಲೇಖ: ತಮ್ಮ ಮೌಖಿಕ ಸೂಚನೆ." ಒಂದು ವಾರಕ್ಕೆ ಅಂಚೆ ಕಾರ್ಡು ಬಂತು. "ವಿಷಯ, ಉಲ್ಲೇಖ ಬೇಡ. ಮನುಷ್ಯರಿಗೆ ಬರೆದ ಹಾಗೆ ಬರೆಯಿರಿ. ಮೊದಲು ಆ ಬೆತ್ತ ಬಿಸಾಡಿ."

ನಮ್ಮಲ್ಲಿದ್ದದ್ದು ಭೂಪಟ ತೋರಿಸುವ ಒಂದೇ ಒಂದು ಬೆತ್ತ. ಅದರಲ್ಲಿ ಯಾರಿಗೂ ಹೊಡೆದದ್ದಿಲ್ಲ. ಆದರೂ ಬರೆದಿದ್ದಾರಲ್ಲ, ಮೇಷ್ಟ್ರು ಅದನ್ನು ಕಾಂಪೌಂಡಿನಾಚೆ ಬಿಸಾಡಿದರು. ಮಕ್ಕಳು ಓಡಿ ಹೋಗಿ ತಂದುಕೊಟ್ಟರು. ಮತ್ತೆ ಬಿಸಾಡಿದರು, ಮತ್ತೆ ತಂದುಕೊಟ್ಟರು. ನಾಲ್ಕನೆಯ ದಿನ ಅದನ್ನು ಬಸ್ಸಿನಲ್ಲಿ ನಂಜನಗೂಡಿಗೆ ಕೊಂಡೊಯ್ದು ಕಪಿಲೆ ಹೊಳೆಯಲ್ಲಿ ಬಿಟ್ಟು, ಕಳಲೆಯ ತಮ್ಮ ಮನೆಗೆ ಹೋದರು. ಒದ್ದೆ ಪಂಚೆ ನೋಡಿ ಅವರ ಹೆಂಡತಿ ಮಂಗಳಮ್ಮ ಏನಾಯಿತೆಂದು ಕೇಳಿದರಂತೆ. "ಬೆತ್ತ ಬಿಟ್ಟು ಬಂದೆ" ಅಂದದ್ದಕ್ಕೆ, "ಯಾರ ಅಸ್ಥೀನೋ ಅಂದ್ಕೊಂಡೆ" ಅಂದರಂತೆ.

ಎರಡನೆಯ ಕಾರ್ಡಿನ ಪ್ರಕಾರ ಮಕ್ಕಳೆಲ್ಲ ಸಾಲು ಬಿಟ್ಟು ದುಂಡಗೆ ಕೂತರು. ಆಗಸ್ಟ್ ತಿಂಗಳಲ್ಲಿ ಮೂರನೆಯದು ಬಂತು. ಅದು ಈಗಲೂ ನನ್ನ ಹತ್ತಿರ ಇದೆ. ಸುಚೇತಾ ಅವರು ಬರೆದದ್ದು ಇಷ್ಟು:

"ಬೆಳಗಿನ ಮೊದಲ ಅರ್ಧ ಗಂಟೆ ಪುಸ್ತಕ ಮುಚ್ಚಿ. ಮಕ್ಕಳ ನಡುವೆ ಒಂದು ಕತೆ ಇರಲಿ. ಹಳೆಯದಾದರೂ ಚಿಂತೆಯಿಲ್ಲ, ಊರಿನದೇ ಆದರೆ ಒಳ್ಳೆಯದು. ಅಜ್ಜಿಯರ ಹತ್ತಿರ ಇರುತ್ತವೆ, ಕೇಳಿ. ಮೊದಮೊದಲು ಗಲಾಟೆಯಾಗಬಹುದು, ಹೆದರಬೇಡಿ."

ನಾವು ಓದಿದ್ದು ಬೇರೆ. ನಮ್ಮೂರಿನ ಅಂಚೆ ಮೊಹರು ಕಾರ್ಡಿನ ನಡುವೆಯೇ ಬಿದ್ದು, ಅದರ ಅಂಚಿನ ಒಂದು ಸುರುಳಿ "ಕತೆ"ಯ "ತೆ" ಕೆಳಗೆ ಚೊಕ್ಕವಾಗಿ ಕೂತಿತ್ತು. ಯಾರು ನೋಡಿದರೂ ತ ಒತ್ತು. ಇದು ನಮಗೆ ತಿಳಿದದ್ದು ಐದು ತಿಂಗಳ ಮೇಲೆ. ಆವತ್ತು ಮೇಷ್ಟ್ರು ಓದಿ, ಕನ್ನಡಕ ಒರೆಸಿ, ಇನ್ನೊಮ್ಮೆ ಓದಿ, ಕಾರ್ಡು ನನ್ನ ಕಡೆ ನೂಕಿದರು.

"ಅಮೃತೇಶ್, ಇದೇನಿದೆ ನೋಡಿ."

"ಕತ್ತೆ ಅಂತಿದೆ ಸಾರ್."

"ಕತ್ತೆಯೇ ತಾನೆ?"

"ಕತ್ತೆಯೇ."

ಅವರು ಕಾರ್ಡನ್ನು ವಾಪಸು ತೆಗೆದುಕೊಂಡರು. "ದೊಡ್ಡವರು. ಇಪ್ಪತ್ತೆರಡು ವರ್ಷದ ಅನುಭವ. ಏನಾದರೂ ಅರ್ಥ ಇರುತ್ತೆ" ಅಂದರು. ನಾನೂ ತಲೆಯಾಡಿಸಿದೆ. ನನ್ನ ತಪ್ಪೂ ಇದೆ ಅಂತ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಹಳೆಯದಾಗಿದ್ದು, ಊರಿನದೇ ಆಗಿದ್ದು, ಅಜ್ಜಿಯ ಹತ್ತಿರ ಇರುವ ಕತ್ತೆ ಬೆಳ್ಳಕ್ಕಿಹುಂಡಿಯಲ್ಲಿ ಒಂದೇ ಒಂದಿತ್ತು. ಮರಿತಾಯಮ್ಮನ ಚೆಲುವಿ. ಮರಿತಾಯಮ್ಮ ಕಾಲುವೆಯಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದ ಕಾಲದಲ್ಲಿ ಬಟ್ಟೆಗಂಟು ಹೊರುತ್ತಿದ್ದದ್ದು ಚೆಲುವಿ. ಮಗ ಗೂಡ್ಸ್ ಆಟೋ ತಂದ ಮೇಲೆ ಇಬ್ಬರಿಗೂ ಕೆಲಸ ತಪ್ಪಿ, ಒಬ್ಬರು ಜಗಲಿಯಲ್ಲಿ, ಒಬ್ಬರು ಹೊಂಗೆ ಮರದಡಿ ಕಾಲ ಕಳೆಯುತ್ತಿದ್ದರು. ನಾವು ಹೋದಾಗ ಇಬ್ಬರೂ ಒಂದೇ ಥರ ತಿರುಗಿ ನೋಡಿದರು.

"ತಾಯಮ್ಮಾ, ನಿಮ್ಮ ಕತ್ತೆ ಶಾಲೆಗೆ ಬೇಕಿತ್ತು" ಅಂದರು ಮೇಷ್ಟ್ರು.

"ಯಾಕ್ ಸಾ? ಇರೋ ಐಕ್ಳು ಸಾಲ್ದು ಅಂತಲಾ?"

ಮೇಷ್ಟ್ರು ಕಾರ್ಡು ತೆಗೆದು ಅಷ್ಟನ್ನೂ ಓದಿದರು. ಮರಿತಾಯಮ್ಮ ಗಂಭೀರವಾಗಿ ಕೇಳಿಸಿಕೊಂಡಳು. "ಬರ್ದವ್ರೆ ಅಂದ್ಮೇಲೆ ಸರಿ ಬುಡಿ. ಆದ್ರೆ ಚೆಲ್ವಿ ಒಬ್ಳೇ ಬರಾಕಿಲ್ಲ ಸಾ. ಒಸ ಜಾಗ ಅಂದ್ರೆ ದಿಗ್ಲು. ನಾನೂ ಬತ್ತೀನಿ."

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಾಲಿನಲ್ಲಿ ದುಂಡಗೆ ಕೂತರು. ಮರಿತಾಯಮ್ಮ ಚೆಲುವಿಯನ್ನು ನಡುವೆ ತಂದು ನಿಲ್ಲಿಸಿ, ತಾನು ಕಂಬಕ್ಕೆ ಒರಗಿ ಕೂತಳು. ಮೇಷ್ಟ್ರು ಕೈಕಟ್ಟಿ ನಿಂತರು. ಮುಂದೇನು ಮಾಡಬೇಕು ಎಂದು ಕಾರ್ಡಿನಲ್ಲಿ ಇರಲಿಲ್ಲ. ಮಕ್ಕಳೆಲ್ಲ ಚೆಲುವಿಯ ಮುಖವನ್ನೇ ನೋಡುತ್ತ ಕೂತರು. ನಮ್ಮ ಶಾಲೆಯಲ್ಲಿ ಅಷ್ಟು ನಿಶ್ಶಬ್ದ ನಾನು ನೋಡಿದ್ದೇ ಇಲ್ಲ. ಆಮೇಲೆ ಚೆಲುವಿ ಕತ್ತು ಚಾಚಿ ಒಂದು ಸಲ ಅರಚಿತು. ಅಡುಗೆಮನೆಯಲ್ಲಿ ಕೆಂಪಾಜಮ್ಮನ ಕೈಯಿಂದ ಸೌಟು ಬಿತ್ತು. ಮಕ್ಕಳು ಬಿದ್ದೂ ಬಿದ್ದೂ ನಕ್ಕರು.

"ಗಲಾಟೆಯಾಗುತ್ತೆ, ಹೆದರಬೇಡಿ ಅಂತ ಬರೆದಿದ್ದಾರೆ" ಅಂದರು ಮೇಷ್ಟ್ರು ನನಗೆ.

ಮಂಗಳವಾರ ಇಪ್ಪತ್ತಾರು ಮಕ್ಕಳು ಬಂದರು. ಗುರುವಾರ ಮೂವತ್ತನಾಲ್ಕೂ ಮಕ್ಕಳು ಬಂದರು, ಮೇಷ್ಟ್ರು ಹಾಜರಿಯನ್ನು ಎರಡು ಸಲ ಕರೆದರು. ಗಣಿತದವನಾದ ನಾನು ಹದಿನೆಂಟು ವರ್ಷದಿಂದ ಸರಾಸರಿ ಕಲಿಸುತ್ತ ಬಂದಿದ್ದೇನೆ, ಯಾರಿಗೂ ಹಿಡಿಸಿದ್ದಿಲ್ಲ. ಚೆಲುವಿಯ ಎಡಗಿವಿ ಬಲಗಿವಿಗಿಂತ ಒಂದೂವರೆ ಸೆಂಟಿಮೀಟರ್ ಉದ್ದ ಎಂದು ಅಳೆದ ದಿನ ಐದನೇ ತರಗತಿಗೆ ಸರಾಸರಿ ತಾನಾಗಿ ಬಂತು. ಲದ್ದಿಯನ್ನು ಕೆಂಪಾಜಮ್ಮ ಸೊಪ್ಪಿನ ಮಡಿಗೆ ಹಾಕಿಸಿಕೊಂಡು ವಿರೋಧ ನಿಲ್ಲಿಸಿದಳು. ಚೆಲುವಿಯನ್ನು ದಾಸ್ತಾನು ಪುಸ್ತಕದಲ್ಲಿ ಎಲ್ಲಿ ಬರೆಯುವುದೆಂದು ಮೇಷ್ಟ್ರು ಎರಡು ದಿನ ಯೋಚಿಸಿ, ಗ್ಲೋಬಿನ ಕೆಳಗೆ "ಕಲಿಕೋಪಕರಣ, ಒಂದು, ಜೀವಂತ" ಎಂದು ಬರೆದರು.

ಸುಚೇತಾ ಅವರಿಗೆ ವರದಿ ಬರೆಯಬೇಕಲ್ಲ. ಮೇಷ್ಟ್ರು ಬರೆದು ನನಗೆ ಓದಿ ಹೇಳಿದರು. ಅದರಲ್ಲಿ ಎಲ್ಲೂ "ಕತ್ತೆ" ಅನ್ನುವ ಪದವೇ ಇರಲಿಲ್ಲ. ಎಲ್ಲ ಕಡೆ "ತಾವು ಹೇಳಿದ್ದು", "ಅದು". ಯಾಕೆ ಸಾರ್ ಎಂದೆ.

"ಪೂಜ್ಯ ಹೆಂಗಸಿಗೆ ಬರೆಯೋ ಕಾಗದದಲ್ಲಿ ಆ ಪದ ಹೇಗೆ ಹಾಕೋದು ಅಮೃತೇಶ್? ಓದುವಾಗ ಅವರಿಗೇ ಬೈದ ಹಾಗಿರುತ್ತೆ."

ಹೀಗಾಗಿ ಆ ಕಾಗದದಲ್ಲಿದ್ದದ್ದು: "ತಾವು ಹೇಳಿದ್ದನ್ನು ಆರಂಭಿಸಿದ್ದೇವೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿರುತ್ತಾರೆ. ಹಾಜರಿ ಪೂರ್ತಿ. ಒಂದೇ ತೊಂದರೆ. ಕೆಲವು ದಿನ ಅದು ಅರ್ಧಕ್ಕೆ ನಿಂತುಬಿಡುತ್ತದೆ. ಏನು ಮಾಡಿದರೂ ಮುಂದಕ್ಕೆ ಹೋಗುವುದಿಲ್ಲ." ಚೆಲುವಿ ಹಾಲಿನ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತುಬಿಡುತ್ತಿದ್ದದ್ದು ನಿಜ.

ಉತ್ತರ ಬಂತು. "ಬಹಳ ಸಂತೋಷ. ಅರ್ಧಕ್ಕೆ ನಿಂತರೆ ನೀವು ನೂಕಲು ಹೋಗಬೇಡಿ. ಮಕ್ಕಳನ್ನು ಕೇಳಿ. ಅವರು ಮುಂದಕ್ಕೆ ಕೊಂಡೊಯ್ಯುತ್ತಾರೆ."

ಮಕ್ಕಳನ್ನು ಕೇಳಿದೆವು. ಮೂರನೇ ತರಗತಿಯ ಒಂದು ಹುಡುಗಿ ಅಗಸೆ ಸೊಪ್ಪು ತಂದು ಮುಂದೆ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದಳು. ಚೆಲುವಿ ಹಿಂದೆಯೇ ಬಂತು. ಮೇಷ್ಟ್ರಿಗೆ ಸುಚೇತಾ ಅವರ ಮೇಲಿದ್ದ ಭಕ್ತಿ ಇಮ್ಮಡಿಯಾಯಿತು. "ನಿಂತಾಗ ಮಕ್ಕಳು ಮುಂದೆ ಹಸಿರು ಸೊಪ್ಪು ಹಿಡಿದು ಕರೆಯುತ್ತಾರೆ, ಅದು ತಾನಾಗಿ ಸಾಗುತ್ತದೆ" ಎಂದು ಬರೆದರು. ಅವರು "ಅದ್ಭುತ! ಇನ್ನೂ ಬರೆಯಿರಿ" ಎಂದರು. "ದಿನವೂ ಅದೇ ಆದರೆ ಬೇಸರವಾಗುವುದಿಲ್ಲವೆ?" ಎಂದು ಇವರು ಕೇಳಿದರು. ಅದಕ್ಕೆ ಬಂದ ಕಾರ್ಡೇ ನಮ್ಮನ್ನು ಒಂದು ವಾರ ಕಾಡಿದ್ದು. "ಚಿಕ್ಕ ಮಕ್ಕಳಿಗೆ ದಿನವೂ ಅದೇ ಬೇಕು. ಬೇಕಾದರೆ ಇನ್ನೆರಡು ಸೇರಿಸಿ. ಒಂದು ಮಾತ್ರ ನೆನಪಿಡಿ, ಕೊನೆಗೆ ಬಾಲ ಸಿಕ್ಕಿಸಬೇಡಿ. ಬಾಲ ಕಂಡರೆ ಮಕ್ಕಳು ಓಡಿಹೋಗುತ್ತಾರೆ."

ಅವರು ಹೇಳಿದ್ದು ಕತೆಯ ಕೊನೆಗೆ ಅಂಟಿಸುವ ನೀತಿಪಾಠದ ವಿಷಯ. ನಮಗೇನು ಗೊತ್ತು?

"ಬಾಲ ಹುಟ್ಟುವಾಗಲೇ ಇದೆಯಲ್ಲ ಸಾರ್" ಅಂದೆ.

ಮೇಷ್ಟ್ರು ಬಹಳ ಯೋಚಿಸಿದರು. "ಒದೆಯೋ ವಿಷಯ ಇರಬೇಕು. ಸೂಕ್ಷ್ಮವಾಗಿ ಹೇಳಿದ್ದಾರೆ" ಎಂದು ತೀರ್ಮಾನಿಸಿದರು. ಅಂದಿನಿಂದ ಬಾಲ ಇರುವ ಕಡೆ ಯಾರೂ ಕೂರುವಂತಿಲ್ಲ. ಪೂರ್ತಿ ದುಂಡು ಹೋಗಿ ಲಾಳದ ಆಕಾರವಾಯಿತು.

ಅಕ್ಟೋಬರಿನಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಚಿಕ್ಕಬಸಪ್ಪ ಬುಲೆಟ್ ಗಾಡಿಯಲ್ಲಿ ಬಂದಿಳಿದ. ಮೂವತ್ತು ಎಕರೆ ಕಬ್ಬು ಬೆಳೆಯುವ ಮನುಷ್ಯ, ಒಳ್ಳೆಯವನೇ, ಆದರೆ ಮಾನಕ್ಕೆ ಅಂಜುತ್ತಾನೆ.

"ಏನ್ ಸಾ ಇದು? ಸುತ್ತೂರಲ್ಲಿ, ನಂಜನಗೂಡಲ್ಲಿ, ಎಲ್ಲಿ ಓದ್ರೂ ನಿಮ್ಮೂರ್ ಸ್ಕೂಲ್ಗೆ ಕತ್ತೆ ಸೇರ್ಕೊಂಡದಂತೆ, ಯಾವ ಕ್ಲಾಸು ಅಂತ ಕೇಳ್ತಾವ್ರೆ. ತಲೆ ಎತ್ಕೊಂಡು ಓಡಾಡಂಗಿಲ್ಲ."

ಮೇಷ್ಟ್ರು ಕಾರ್ಡು ತೋರಿಸಿದರು. ಚಿಕ್ಕಬಸಪ್ಪ ಓದಿದ. ಅವನೂ ಕತ್ತೆ ಅಂತಲೇ ಓದಿದ. ಗಾಡಿಯ ಬೀಗದ ಕೈ ತಿರುಗಿಸುತ್ತ ದನಿ ತಗ್ಗಿಸಿದ.

"ಅದಿರ್ಲಿ ಸಾ. ನಮ್ ಮಗನ ಮಗ್ಳು ಅವಳಲ್ಲ, ಮಧುಶ್ರೀ. ಮೂರ್ ದಿನ್ದಿಂದ ವ್ಯಾನ್ ಅತ್ತಾಕಿಲ್ಲ ಅಂತ ರಸ್ತೇಲಿ ಅಡ್ಡ ಮಲೀಕತ್ತಾಳೆ. ಚೆಲ್ವಿ ಸ್ಕೂಲ್ಗೇ ಓಯ್ತೀನಿ ಅಂತಾಳೆ. ಟೀಸಿ ತಂದ್ರೆ ಸೇರಿಸ್ಕತ್ತೀರಾ?"

ಹೀಗೆ ವ್ಯಾನಿನಿಂದ ನಮ್ಮ ಕಡೆಗೆ ನಾಲ್ಕು ಮಕ್ಕಳು ಬಂದು ಮೂವತ್ತೆಂಟಾಯಿತು.

ಡಿಸೆಂಬರಿನಲ್ಲಿ ಯಾರೋ ಚೆಲುವಿಯ ವಿಡಿಯೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟರು. ಮೇಲಿನ ಕಚೇರಿಯಿಂದ ಫೋನು ಬಂತು. ಮೇಷ್ಟ್ರು "ನಮಸ್ಕಾರ ಸಾರ್" ಅನ್ನುವುದಕ್ಕೂ ಹಿಂದೆ ಚೆಲುವಿ ಅರಚುವುದಕ್ಕೂ ಸರಿಹೋಯಿತು.

"ಅದೇನ್ರೀ ಸದ್ದು?"

"ಕಲಿಕೋಪಕರಣ ಸಾರ್."

ಮೂರೇ ದಿನಕ್ಕೆ ನೋಟಿಸು ಬಂತು. ಯಾವ ನಿಯಮದಡಿ, ಯಾರ ಅನುಮತಿಯಿಂದ ಶಾಲಾ ಆವರಣದಲ್ಲಿ ಸದರಿ ಪ್ರಾಣಿಯನ್ನು ಇರಿಸಲಾಗಿದೆ? ಮೇಷ್ಟ್ರಿಗೆ ಭಯವೇನೂ ಆಗಲಿಲ್ಲ. ಆಧಾರ ಕೈಯಲ್ಲೇ ಇತ್ತಲ್ಲ. ಕಾರ್ಡಿನ ಜೆರಾಕ್ಸ್ ಲಗತ್ತಿಸಿ ಕಳಿಸಿದರು. ಕಚೇರಿಯವರು ಸುಚೇತಾ ಅವರಿಗೇ ಬರೆದು ಕೇಳಿದರು: "ತಾವು ಶಾಲೆಯಲ್ಲಿ ಕತ್ತೆ ಇರಿಸಲು ಲಿಖಿತ ಸಲಹೆ ನೀಡಿರುವುದು ನಿಜವೇ?"

ಜನವರಿಯ ಒಂದು ಬುಧವಾರ, ಹತ್ತರ ಬಸ್ಸಿನಿಂದ ಸುಚೇತಾ ಇಳಿದರು. ಬಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಕಚೇರಿಯ ಕಾಗದ. ಗೇಟು ದಾಟಿ ಬಂದವರು ಹಾಲಿನ ಬಾಗಿಲಲ್ಲಿ ನಿಂತುಬಿಟ್ಟರು. ಒಳಗೆ ಮಕ್ಕಳು, ನಡುವೆ ಚೆಲುವಿ, ಕಂಬದ ಹತ್ತಿರ ಮರಿತಾಯಮ್ಮ.

ಪುಟ್ಟಬಸವಯ್ಯನವರು ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದರು. "ನಿಮ್ಮ ಆಶೀರ್ವಾದ ಅಮ್ಮ. ನೋಡಿ, ನೀವು ಹೇಳಿದ ಹಾಗೇ."

"ಏನ್ರೀ ಇದು ಪುಟ್ಟಬಸವಯ್ಯನವರೇ? ಕತ್ತೆ ಯಾಕಿದೆ ಇಲ್ಲಿ? ನಾನು ಬರೆದದ್ದು ಕತೆ!"

"ಹೌದಮ್ಮ. ಕತ್ತೆ."

"ಏನು?"

"ಕತ್ತೆ!" ಎಂದು ಮೇಷ್ಟ್ರು ಗಟ್ಟಿಯಾಗಿ ಹೇಳಿದರು.

"ಅದೇ ನಾನೂ ಹೇಳ್ತಿರೋದು, ಕತೆ!"

"ಕತ್ತೆ ಅಮ್ಮಾ!"

"ಕತೆ ಕಣ್ರೀ!"

ಮೇಷ್ಟ್ರು ತಮ್ಮ ದನಿ ಅವರ ಕಿವಿಗೆ ಮುಟ್ಟಲಿಲ್ಲವೆಂದು ಇನ್ನೂ ಜೋರಾಗಿ "ಕತ್ತೆ!" ಎಂದು ಕೂಗಿದರು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು, ಮೇಷ್ಟ್ರು ಯಾರೋ ಮುದುಕಿಯನ್ನು ಬೈಯುತ್ತಿದ್ದಾರೆಂದು ಗೇಟಿಗೆ ಬಂದು ನಿಂತರು. ನಾನು ಓಡಿ ಹೋಗಿ ಕಾರ್ಡು ತಂದೆ. ಸುಚೇತಾ ಚೀಲದಿಂದ ಭೂತಗನ್ನಡಿ ತೆಗೆದು ಅದನ್ನು ಬಿಸಿಲಿಗೆ ಹಿಡಿದರು. ಮೊಹರಿನ ದುಂಡನೆಯ ಗೆರೆಯನ್ನು ಬೆರಳಿನಿಂದ ಸುತ್ತ ಹಿಂಬಾಲಿಸಿಕೊಂಡು ಬಂದು, "ತೆ" ಕೆಳಗೆ ನಿಲ್ಲಿಸಿದರು. ಭೂತಗನ್ನಡಿಯನ್ನು ಮೇಷ್ಟ್ರ ಕೈಗೆ ಕೊಟ್ಟರು.

ಮೇಷ್ಟ್ರು ನೋಡಿದರು. ಅವರ ಮುಖ ಕಪ್ಪಿಟ್ಟಿತು. ಭೂತಗನ್ನಡಿ ಹ್ಯಾಗಿತ್ತೋ ಹಾಗೇ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. "ಐದು ತಿಂಗಳು" ಅಂದರು. ಮತ್ತೆ, "ಮಕ್ಕಳ ಮುಂದೆ" ಅಂದರು. ಇಷ್ಟು ವರ್ಷದಲ್ಲಿ ಅವರು ತಲೆ ತಗ್ಗಿಸಿ ಕೂತದ್ದನ್ನು ನಾನು ನೋಡಿದವನಲ್ಲ. ಬಣ್ಣದ ಗೋಡೆಗೆ ಜಿಲ್ಲೆಯೇ ನಕ್ಕಾಗಲೂ ಅವರು ಬೆನ್ನು ನೆಟ್ಟಗಿಟ್ಟುಕೊಂಡೇ ಇದ್ದರು.

ಸುಚೇತಾ ಬಂದು ಮೇಷ್ಟ್ರ ಪಕ್ಕದಲ್ಲೇ ಕೂತರು. ಅವರ ಸ್ಥಿತಿಯೂ ಚೆನ್ನಾಗಿರಲಿಲ್ಲ ಎಂದು ಆಗ ತಿಳಿಯಿತು. ಚೀಲದಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದರು. ಹೆಸರು "ಅರ್ಧಕ್ಕೆ ನಿಂತ ಕತೆ".

"ನಿಮಗೆ ಕೊಡೋಣ ಅಂತ ತಂದೆ. ನಿಮ್ಮ ಕಾಗದಗಳನ್ನ ಇಟ್ಟುಕೊಂಡೇ ಬರೆದದ್ದು. ಮೈಸೂರಲ್ಲಿ ದೊಡ್ಡ ಸಭೆಯಲ್ಲಿ ಓದಿದೆ, ಎದ್ದು ನಿಂತು ಚಪ್ಪಾಳೆ ಹೊಡೆದರು" ಎಂದು ಏಳನೆಯ ಪುಟ ತೆರೆದರು. "'ನಿಂತಾಗ ಮಕ್ಕಳು ಮುಂದೆ ಹಸಿರು ಸೊಪ್ಪು ಹಿಡಿದು ಕರೆಯುತ್ತಾರೆ' ಅಂತ ಬರೆದಿದ್ದಿರಲ್ಲ. ಅದನ್ನ ನಾನು ರೂಪಕ ಅಂದುಕೊಂಡೆ ಕಣ್ರೀ!"

"ಅಗಸೆ ಸೊಪ್ಪು ಅಮ್ಮ" ಅಂದರು ಮೇಷ್ಟ್ರು ಕ್ಷೀಣ ದನಿಯಲ್ಲಿ.

"ಅದಕ್ಕೆ ಎರಡು ಪುಟ ವ್ಯಾಖ್ಯಾನ ಬರೆದಿದ್ದೀನಿ. ಹಸಿರು ಅಂದರೆ ಮಗುವಿನ ಕಲ್ಪನೆ ಅಂತ."

ಇಬ್ಬರೂ ಪುಸ್ತಕ ನೋಡುತ್ತ ಕೂತರು. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಹೊಸಬರು ಬಂದಿದ್ದಾರೆ, ಚೆಲುವಿಯ ಪರಿಚಯವಾಗಿಲ್ಲ, ಅಷ್ಟೇ ಅವರ ಚಿಂತೆ. ಚಿಕ್ಕಬಸಪ್ಪನ ಮೊಮ್ಮಗಳು ಮಧುಶ್ರೀ ಹತ್ತಿರ ಬಂದು ಸುಚೇತಾ ಅವರ ಸೆರಗು ಜಗ್ಗಿದಳು.

"ಅಜ್ಜಿ, ನಮ್ ಚೆಲ್ವಿ ಭಾನ್ವಾರ ಎಲ್ಲೋಯ್ತದೆ ಗೊತ್ತಾ?"

"ಏನಮ್ಮ? ಕಿವಿಯಲ್ಲಿ ಹೇಳು."

ಹುಡುಗಿ ಅವರ ಕಿವಿಗೆ ಎರಡೂ ಕೈ ಕೊಳವೆ ಮಾಡಿ ಇಟ್ಟು ಕೂಗಿ ಹೇಳಿದಳು. ಚೆಲುವಿ ಭಾನುವಾರ ಒಬ್ಬಳೇ ಬಸ್ಸು ಹತ್ತಿ ನಂಜನಗೂಡಿಗೆ ಹೋಗುತ್ತದೆ, ಟಿಕೆಟ್ ಕೇಳಿದರೆ ಕಂಡಕ್ಟರನ್ನು ಮೂಸುತ್ತದೆ, ಹೊಳೆಯಲ್ಲಿ ಮಿಂದು, ರಸಬಾಳೆ ತಿಂದು, ಸಿಪ್ಪೆಯನ್ನು ಮರಿತಾಯಜ್ಜಿಗೆ ತರುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಬಂದು, ಅದೆಲ್ಲ ಸುಳ್ಳು, ಭಾನುವಾರ ಅದು ಹಳದಿ ವ್ಯಾನಿನ ಜೊತೆ ಪಂದ್ಯ ಓಡುತ್ತದೆ ಅಂದ. ಅವನ ಹಿಂದೆ ಸಾಲು ಬೆಳೆಯಿತು. ಮರಿತಾಯಮ್ಮ ಕಂಬದ ಹತ್ತಿರದಿಂದ ನಗುತ್ತ, "ನಾನೇ ದಿನಾ ಒಂದೊಂದ್ ಏಳ್ತಿದ್ದೆ ಕಣಮ್ಮೋ, ಇವು ನನ್ನೇ ಮೀರ್ಸ್ಬುಟ್ಟವೆ" ಅಂದಳು.

ಮೂವತ್ತೆಂಟು ಮಕ್ಕಳೂ ಸುಚೇತಾ ಅವರ ಕಿವಿಯಲ್ಲಿ ಮೂವತ್ತೆಂಟು ಕತೆ ಹೇಳಿದರು. ಬಲಗಿವಿ ನೋಯತೊಡಗಿದಾಗ ಅವರು ಎಡಗಿವಿ ಕೊಟ್ಟರು. ಒಂದೂವರೆಯ ಬಸ್ಸು ಹೋಯಿತು, ಮೂರರ ಬಸ್ಸೂ ಹೋಯಿತು. ನಡುವೆ ಕೆಂಪಾಜಮ್ಮ ಅನ್ನ ಸಾರು ತಂದಿಟ್ಟದ್ದನ್ನು ಅವರು ಕೇಳಿಸಿಕೊಳ್ಳುತ್ತಲೇ ಊಟ ಮಾಡಿದರು. ಕೊನೆಯ ಮಗು ಮುಗಿಸಿದ ಮೇಲೆ ಮೆಟ್ಟಿಲ ಕಡೆ ತಿರುಗಿ, "ಪುಟ್ಟಬಸವಯ್ಯನವರೇ, ಒಂದಕ್ಕೂ ಬಾಲ ಇರಲಿಲ್ಲ ಕಣ್ರೀ" ಅಂದರು. ಬಾಲ ಅಂದರೇನು ಎಂದು ಆಗ ವಿವರಿಸಿದರು. ಮೇಷ್ಟ್ರು ಆ ದಿನ ಮೊದಲ ಸಲ ನಕ್ಕರು. ನಗುತ್ತ ಕಣ್ಣೊರೆಸಿಕೊಂಡರು.

ಕಚೇರಿಗೆ ಉತ್ತರ ಕೊಡುವುದು ಬಾಕಿ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬರೆದರು. ಸುಚೇತಾ, "ಹೌದು, ನಾನೇ ಕತ್ತೆ ಎಂದು ಬರೆದೆ. ಇನ್ನು ಮುಂದೆಯೂ ಬರೆಯುತ್ತೇನೆ" ಎಂದರು. ಮೇಷ್ಟ್ರು, "ಅಮ್ಮನವರ ತಪ್ಪೇನೂ ಇಲ್ಲ. ನನ್ನ ದೃಷ್ಟಿದೋಷದಿಂದ ತಪ್ಪಾಗಿ ಓದಿದೆ" ಎಂದರು. ಕಚೇರಿಯವರು ದೃಷ್ಟಿದೋಷಕ್ಕೆ ವೈದ್ಯರ ಸರ್ಟಿಫಿಕೇಟ್ ಕೇಳಿದರು. ಮಂಗಳಮ್ಮ ಗಂಡನನ್ನು ನಂಜನಗೂಡಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೇಷ್ಟ್ರು ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಗಡಗಡನೆ ಓದಿಬಿಟ್ಟರು. ಅದರ ಕೆಳಗೆ ಸಣ್ಣದಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿದರು.

"ಈ ಕನ್ನಡಕದಲ್ಲಿ, ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಕಾಣೋರು ಅಪರೂಪ" ಅಂದರು ಡಾಕ್ಟರು.

"ಸ್ವಲ್ಪವಾದರೂ ದೋಷ ಇದೆ ಅಂತ ಬರೆದುಕೊಡಿ ಸಾರ್."

"ಇಲ್ಲದ್ದನ್ನ ಹೆಂಗ್ರೀ ಬರೆಯೋದು?"

"ನಿಮ್ಮ ಹೆಸರು ಕೇಳಿದ್ದೀನಿ, ನೀವು ಒಳ್ಳೆಯವರು."

"ಅದಕ್ಕೇ ಬರೆಯಲ್ಲ" ಅಂದರಂತೆ ಡಾಕ್ಟರು.

ಸರ್ಟಿಫಿಕೇಟ್ ಇಲ್ಲ, ಎರಡು ಉತ್ತರ ಎರಡು ದಿಕ್ಕಿಗಿವೆ. ಕಚೇರಿಯವರು ಎಲ್ಲವನ್ನೂ ಒಂದೇ ದಾರದಲ್ಲಿ ಕಟ್ಟಿ ಮುಂದಿನ ಕ್ರಮಕ್ಕಾಗಿ ಮೈಸೂರಿಗೆ ಕಳಿಸಿದರು. ಕಡತ ಇನ್ನೂ ವಾಪಸು ಬಂದಿಲ್ಲ. ಅಲ್ಲಿಯವರೆಗೆ ಯಥಾಸ್ಥಿತಿ ಎಂದು ಮೇಷ್ಟ್ರು ಅರ್ಥ ಮಾಡಿಕೊಂಡಿದ್ದಾರೆ. ಆದ್ದರಿಂದ ಚೆಲುವಿ ಬರುತ್ತದೆ. ಸುಚೇತಾ ತಮ್ಮ ಪುಸ್ತಕದ ಉಳಿದ ಪ್ರತಿಗಳಲ್ಲಿ ಆರು ಮತ್ತು ಏಳನೆಯ ಪುಟದ ನಡುವೆ ಒಂದು ಚೀಟಿ ಅಂಟಿಸಿದ್ದಾರೆ: "ಇಲ್ಲಿ ಹೇಳಿರುವ ಸೊಪ್ಪು ನಿಜವಾದ ಸೊಪ್ಪು. ವ್ಯಾಖ್ಯಾನವನ್ನು ದಯವಿಟ್ಟು ಬಿಟ್ಟು ಓದಿ." ಆ ಚೀಟಿ ಅಂಟಿಸಿದ ಮೇಲೆ ಪುಸ್ತಕ ಹೆಚ್ಚು ಓಡಾಡುತ್ತಿದೆ ಎಂದು ಕೇಳಿದ್ದೇನೆ.

ಕಾಗದಗಳು ನಿಂತಿಲ್ಲ. ಈಗ ಕಾರ್ಡು ಬಂದರೆ ಮೇಷ್ಟ್ರು ಒಬ್ಬರೇ ಓದುವುದಿಲ್ಲ. ನಾನು, ಕೆಂಪಾಜಮ್ಮ, ಚಿಕ್ಕಬಸಪ್ಪ ಕೂತ ಮೇಲೆ ಓದುವುದು. ಈ ಜೂನಿನಲ್ಲಿ ಬಂದದ್ದನ್ನು ಚಿಕ್ಕಬಸಪ್ಪ ಎಲ್ಲರಿಗೂ ಕೇಳುವ ಹಾಗೆ ಓದಿದ. "ಈ ವರ್ಸ ಪ್ರತಿ ಮಗೀಗೂ ಒಂದೊಂದು ಆಡು ಬರ್ಲಿ."

ಕೆಂಪಾಜಮ್ಮ ಎದ್ದು ನಿಂತಳು. "ಮೂವತ್ತೆಂಟು ಆಡಾ? ಎಲ್ ಕಟ್ಟೀರಿ ಸಾ? ನನ್ ಸೊಪ್ಪಿನ ಮಡಿ ಉಳೀತದಾ?"

"ಆಡಲ್ಲ ಕಣಮ್ಮೋ, ಆಡು! ಬಾಯಲ್ಲಿ ಆಡೋದು, ಆಡು!"

"ಬಾಯಲ್ಲಿ ಆಡ್ನ ಯಾರಾಡ್ತಾರೆ?"

ಪುಟ್ಟಬಸವಯ್ಯನವರು ಕಾರ್ಡು ತೆಗೆದುಕೊಂಡು ಸಾವಧಾನವಾಗಿ ನೋಡಿ, "ಹಕಾರಕ್ಕೆ ದೀರ್ಘ. ಹಾಡು" ಎಂದು ತೀರ್ಪು ಕೊಟ್ಟರು. ದೊಡ್ಡವರು ಮೊದಲು ಹಾಡಿದರೆ ಮಕ್ಕಳಿಗೆ ಸಂಕೋಚ ಹೋಗುತ್ತದೆ ಎಂದು ಕಾರ್ಡಿನ ಮೂಲೆಯಲ್ಲಿತ್ತು. ಸೋಮವಾರ ಮೊದಲು ಹಾಡಲು ಎದ್ದವನು ಚಿಕ್ಕಬಸಪ್ಪ. ಮಠದ ಭಜನೆಯಲ್ಲಿ ತಾಳ ಹಾಕಿ ಅಭ್ಯಾಸವಿದ್ದ ಮನುಷ್ಯ, ಇಷ್ಟು ವರ್ಷ ಹಾಡು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಹತ್ತು ಗಂಟೆಗೆ ಶುರು ಮಾಡಿದವನು ಊಟದ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಮಧುಶ್ರೀ ಎದ್ದು ಹೋಗಿ ತಾತನ ಕೈ ಹಿಡಿದು, ಸಾಕು ಬಾ ತಾತ, ಅನ್ನ ಆರೋಯ್ತದೆ ಎಂದು ಎಳೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸಿದಳು.